ಶಿರಸಿ ಘಟ್ಟದ ಏಡಿಗೊಂದು ಹೆಸರು: ಪರವಾನಗಿಯಿಂದ ಪ್ರಕಟಣೆಯವರೆಗೆ

ಶಿರಸಿ ಸೀಮೆಯ ಘಟ್ಟದಂಚಿನ ಹಳ್ಳವೊಂದರಲ್ಲಿ ಮಳೆಗಾಲಕ್ಕೆ ಮಾತ್ರ ಕಣ್ಣಿಗೆ ಬೀಳುವ ಚಿಕ್ಕ ಏಡಿಯೊಂದಿದೆ. ಅದನ್ನು ಹೊಸ ಪ್ರಭೇದವೆಂದು ವಿವರಿಸಿದ ನಮ್ಮ ಪ್ರಬಂಧ ಈಚೆಗಷ್ಟೇ ಪ್ರಕಟವಾಯಿತು. ಏಡಿಯ ಹೆಸರನ್ನೂ ಹಳ್ಳದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಬಣ್ಣದ ಏಡಿಗಳನ್ನು ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದೊಯ್ಯುವವರಿದ್ದಾರೆ. ಹೇಳಬೇಕಾದದ್ದು ದಾರಿಯ ಬಗ್ಗೆ: ಯಾವ ಕಚೇರಿ, ಯಾವ ಕಾಗದ, ಎಲ್ಲಿ ಕಾಯಬೇಕು, ಯಾವ ಹಂತದಲ್ಲಿ ಕೆಲಸ ಕೆಡುತ್ತದೆ. ಮೊಬೈಲಿನಲ್ಲಿ ವಿಚಿತ್ರ ಏಡಿಯದೋ ಕಪ್ಪೆಯದೋ ಫೋಟೋ ಇಟ್ಟುಕೊಂಡು "ಇದು ಹೊಸದಿರಬಹುದಾ ಸರ್?" ಎಂದು ಕೇಳುವ ಕಾಲೇಜು ಹುಡುಗರು, ಮೇಷ್ಟರು, ಅರಣ್ಯ ಸಿಬ್ಬಂದಿ ಈ ಜಿಲ್ಲೆಯಲ್ಲಿ ಬಹಳ ಮಂದಿ. ಇರಬಹುದು. ಆದರೆ ಹೊಸದೆಂದು ಹೇಳಲು ಒಂದು ನಿಮಿಷ ಸಾಕು, ಇದುವರೆಗೆ ಯಾರೂ ಹೆಸರಿಟ್ಟಿಲ್ಲ ಎಂದು ತೋರಿಸುವುದಕ್ಕೇ ಉಳಿದ ಕಾಲವೆಲ್ಲ ಹೋಗುತ್ತದೆ.

ಆಸೆ ಇಟ್ಟುಕೊಳ್ಳಲು ಕಾರಣವಂತೂ ಇದೆ. 2014ರಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆ ನಿಕ್ಟಿಬಟ್ರಾಕಸ್ ಕುಂಬಾರ ಎಂಬ ಹೆಸರು ಪಡೆಯಿತು. 2016ರಲ್ಲಿ ಯೂಫ್ಲಿಕ್ಟಿಸ್ ಕರಾವಳಿ ಎಂಬ ಕಪ್ಪೆ ಬಂತು. 2022ರಲ್ಲಿ ಯಲ್ಲಾಪುರ ತಾಲೂಕಿನಿಂದ ಎರಡು ಬಣ್ಣದ ಏಡಿ ಘಾಟಿಯಾನಾ ದ್ವಿವರ್ಣ ವಿವರಣೆಗೊಂಡಿತು. ಅದರ ಲೇಖಕರ ಪಟ್ಟಿಯಲ್ಲಿ ಅರಣ್ಯ ರಕ್ಷಕರೊಬ್ಬರೂ ಇದ್ದಾರೆ. ಸಿಹಿನೀರಿನ ಏಡಿಗಳಲ್ಲಂತೂ ಹೊಸದು ಸಿಗುವ ಸಾಧ್ಯತೆ ಹೆಚ್ಚು. ಸಮುದ್ರದ ಏಡಿಯ ಮರಿ ತೇಲುಹುಳುವಾಗಿ ಪ್ರವಾಹದೊಂದಿಗೆ ದೂರ ಹೋಗುತ್ತದೆ. ಹಳ್ಳದ ಏಡಿಗೆ ಆ ಹಂತವೇ ಇಲ್ಲ: ಮೊಟ್ಟೆಯೊಡೆದು ನೇರವಾಗಿ ಪುಟಾಣಿ ಏಡಿಯೇ ಹೊರಬರುತ್ತದೆ, ತಾಯಿಯ ಹೊಟ್ಟೆಯ ಮಡಿಕೆಯೊಳಗೆ ಸ್ವಲ್ಪ ದಿನ ಇದ್ದು ಅದೇ ಹಳ್ಳಕ್ಕೆ ಇಳಿಯುತ್ತದೆ. ಹೀಗಾಗಿ ಒಂದು ಕಣಿವೆಯ ಏಡಿ ಪಕ್ಕದ ಕಣಿವೆ ಸೇರುವುದು ಅಪರೂಪ, ಕಾಲಾಂತರದಲ್ಲಿ ಎರಡೂ ಬೇರೆಯಾಗುತ್ತವೆ.

ಕಾಡಿಗೆ ಹೋಗುವ ಮುಂಚೆ ಹಳೆಯ ಪ್ರಬಂಧಗಳನ್ನು ಓದಿ ಮುಗಿಸಬೇಕು. ಪ್ರಾಣಿಗಳ ಹೆಸರಿನ ಲೆಕ್ಕ ಲಿನೇಯಸ್‌ನ ಸಿಸ್ಟೆಮಾ ನ್ಯಾಚುರೆಯ ಹತ್ತನೇ ಆವೃತ್ತಿಯಿಂದ, 1758ರಿಂದ, ಶುರುವಾಗುತ್ತದೆ. ಅಲ್ಲಿಂದ ಈಚೆಗೆ ಎಲ್ಲಿ, ಯಾವ ಭಾಷೆಯಲ್ಲಿ ನಿಯಮದಂತೆ ಪ್ರಕಟವಾದ ಹೆಸರಿದ್ದರೂ ಅದಕ್ಕೆ ಆದ್ಯತೆ. ನಮ್ಮ ಏಡಿಗೆ 1850ರಲ್ಲೇ ಯಾರೋ ಹೆಸರು ಕೊಟ್ಟಿದ್ದರೆ ನಾವು ಕೊಡುವುದು ಬರೀ ಪರ್ಯಾಯನಾಮವಾಗಿ ಬಿದ್ದಿರುತ್ತದೆ. ಭಾರತದ ಸಿಹಿನೀರಿನ ಏಡಿಗಳಿಗೆ ಮೂಲ ಆಧಾರ ಪ್ರಾಣಿಶಾಸ್ತ್ರಜ್ಞ ಆಲ್ಕಾಕ್ 1910ರಲ್ಲಿ ಮಾಡಿದ ಇಂಡಿಯನ್ ಮ್ಯೂಸಿಯಂ ಕ್ಯಾಟಲಾಗು. ಅದರ ಹಿಂದೆ 1853ರ ಮಿಲ್ನ್ ಎಡ್ವರ್ಡ್ಸ್, ಮುಂದೆ 1970ರ ಬಾಟ್, ದಕ್ಷಿಣ ಭಾರತಕ್ಕೆ 2007ರ ಬಾಹಿರ್ ಮತ್ತು ಯಿಯೋ, ಇವರ ಬರಹಗಳು. ಹಳೆಯವು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಫ್ರೆಂಚ್, ಜರ್ಮನ್ ಪುಟಗಳಿಗೆ ಅನುವಾದದ ಆ್ಯಪ್ ನೆರವಾಗುತ್ತದೆ, ಆದರೆ ಅಂಗಗಳ ಹೆಸರನ್ನು ಅದು ಕೆಡಿಸುತ್ತದೆ. ಆ ಪದಗಳ ಪಟ್ಟಿಯನ್ನು ಬೇರೆ ಮಾಡಿಟ್ಟುಕೊಳ್ಳಿ.

ಇಲ್ಲಿ ಎದುರಾಗುವ ಮೊದಲ ತೊಡಕು ಊರಿನ ಹೆಸರುಗಳದ್ದು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಹಾಗಾಗಿ ಮುಂಬಯಿ ಎಂದು ಬರೆದ ಹಳೆಯ ಚೀಟಿಯ ಮಾದರಿ ನಮ್ಮ ಘಟ್ಟದ್ದೂ ಆಗಿರಬಹುದು. ಹೊನ್ನಾವರ ಅಲ್ಲಿ ಓನೋರ್, ಕುಮಟಾ ಕೂಂಪ್ಟಾ. ನಮ್ಮ ಗದ್ದೆಬದಿಯ ದೊಡ್ಡ ಏಡಿ ಬ್ಯಾರಿಟೆಲ್ಫ್ಯೂಸಾ ಕ್ಯುನಿಕ್ಯುಲಾರಿಸ್‌ಗೆ 1836ರಲ್ಲಿ ಹೆಸರಿಟ್ಟಾಗ ಕೊಟ್ಟ ಜಾಗ ಇಡೀ ದಖ್ಖನ್. ಹಳೆಯ ಕಾಗುಣಿತದಲ್ಲೂ ಹುಡುಕಬೇಕು.

ಎರಡನೆಯದು, ಸ್ಥಳೀಯ ಪಟ್ಟಿಗಳನ್ನು ಕಣ್ಣುಮುಚ್ಚಿ ನಂಬಬಾರದು. ಕಾಳಿ ಅಳಿವೆಯ ಕೆಸರಿನ ಏಡಿಗೆ ಹಳೆಯ ವರದಿಗಳಲ್ಲಿ ಹೆಚ್ಚಾಗಿ ಸಿಲ್ಲಾ ಸೆರ‍್ರಾಟಾ ಎಂದೇ ಇದೆ. 1998ರಲ್ಲಿ ಆ ಕುಲವನ್ನು ಪರಿಷ್ಕರಿಸಿದಾಗ ನಾಲ್ಕು ಪ್ರಭೇದಗಳು ಹೊರಬಂದವು. ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿಗಟ್ಟಲೆ ಬರುವ ನೀಲಿ ಏಡಿಯದೂ ಅದೇ ಪಾಡು, 2010ರಲ್ಲಿ ಒಂದು ಹೋಗಿ ನಾಲ್ಕಾಯಿತು. ಪರಿಷ್ಕರಣೆಗೆ ಮುಂಚಿನ ವರದಿಯ ಹೆಸರನ್ನು ಎತ್ತಿಕೊಂಡು ಹೋಲಿಕೆ ಮಾಡಿದರೆ ಮುಂದಿನದೆಲ್ಲ ತಪ್ಪು.

ಓದಿದ ಮೇಲೂ ಅನುಮಾನ ಉಳಿದರೆ ಅರಣ್ಯ ಇಲಾಖೆಗೆ ಅರ್ಜಿ. ಏಡಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಇಲ್ಲವಲ್ಲ, ಪರವಾನಗಿ ಯಾಕೆ ಎಂದು ಹಲವರು ಕೇಳುತ್ತಾರೆ. ಪಟ್ಟಿಯಲ್ಲಿಲ್ಲದಿದ್ದರೂ ಅದಿರುವ ಜಾಗ ಮೀಸಲು ಅರಣ್ಯ. ಶಿರಸಿ, ಸಿದ್ದಾಪುರದವರು ವಿಶೇಷವಾಗಿ ಗಮನಿಸಬೇಕು: ಅಡಿಕೆ ತೋಟ ಮಾಲ್ಕಿ ಜಮೀನು, ಅಲ್ಲಿಯ ಬಸಿಗಾಲುವೆಯಲ್ಲಿ ಹಿಡಿಯಲು ತೋಟದವರ ಒಪ್ಪಿಗೆ ಸಾಕು, ಅದನ್ನು ಬರಹದಲ್ಲಿ ಪಡೆದಿಡಿ. ತೋಟದ ಮೇಲಿನ ಸೊಪ್ಪಿನ ಬೆಟ್ಟ ಹಾಗಲ್ಲ. ಸೊಪ್ಪು, ದರಕು ತರುವ ಹಕ್ಕು ರೈತರದಾದರೂ ಭೂಮಿ ಅರಣ್ಯದ್ದೇ. "ನಮ್ಮ ಬೆಟ್ಟವೇ, ಹಿಡಿರಿ ಮಾರಾಯ್ರೆ" ಎಂದು ಹೆಗಡೇರು ಧಾರಾಳವಾಗಿ ಹೇಳಿದರೂ ಪ್ರಬಂಧದಲ್ಲಿ ಪರವಾನಗಿಯ ಸಂಖ್ಯೆ ಬರೆಯುವ ಜಾಗ ಖಾಲಿ ಉಳಿಯುತ್ತದೆ. ಈಗಿನ ಸಂಪಾದಕರು ಆ ಸಂಖ್ಯೆ ಕೇಳಿಯೇ ಕೇಳುತ್ತಾರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಾದರೆ ವಿಧಿವಿಧಾನ ಇನ್ನೂ ಬಿಗಿ.

ಅರ್ಜಿಯಲ್ಲಿ ಬೇಕಾದದ್ದು: ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ, ಸಂಶೋಧನೆಯ ಉದ್ದೇಶ, ಯಾವ ಗುಂಪಿನ ಜೀವಿ, ಗರಿಷ್ಠ ಎಷ್ಟು ಮಾದರಿ, ಹಿಡಿಯುವ ವಿಧಾನ, ವಲಯವಾರು ಜಾಗದ ನಕ್ಷೆ, ಅವಧಿ, ತಂಡದ ಎಲ್ಲರ ಗುರುತಿನ ಚೀಟಿ, ಮಾದರಿಯನ್ನು ಕೊನೆಗೆ ಎಲ್ಲಿ ಇಡುತ್ತೇವೆ ಎಂಬ ಹೇಳಿಕೆ. ಸಂಸ್ಥೆಯಿಲ್ಲದ ಹವ್ಯಾಸಿಗೆ ಇದು ಒಬ್ಬಂಟಿಯಾಗಿ ಆಗುವ ಕೆಲಸವಲ್ಲ, ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಕಾಗದ ಬೆಂಗಳೂರಿನ ಅರಣ್ಯ ಭವನಕ್ಕೆ ಹೋಗುತ್ತದೆ, ಅಭಿಪ್ರಾಯ ಕೇಳಿ ವಿಭಾಗಕ್ಕೆ, ವಲಯಕ್ಕೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಜಿಲ್ಲೆಯಲ್ಲಿ ಕಾರವಾರ, ಶಿರಸಿ, ಹೊನ್ನಾವರ, ಯಲ್ಲಾಪುರ, ಹಳಿಯಾಳ ಎಂದು ಐದು ವಿಭಾಗಗಳಿವೆ. ಗಡಿಯಲ್ಲಿರುವ ಹಳ್ಳದ ಆಚೆ ದಡ ಇನ್ನೊಂದು ವಿಭಾಗದ್ದಾಗಿದ್ದರೆ ಎರಡನ್ನೂ ಅರ್ಜಿಯಲ್ಲಿ ಹೆಸರಿಸಿ, ಇಲ್ಲವಾದರೆ ಅರ್ಧ ಹಳ್ಳಕ್ಕೆ ಮಾತ್ರ ಪರವಾನಗಿ ಸಿಗುತ್ತದೆ. ಏಡಿಯ ಕಾಲ ಮಿರ್ಗದಿಂದ ಪುಷ್ಯ ಮಳೆಯವರೆಗೆ. ಅರ್ಜಿ ಹಿಂದಿನ ಚಳಿಗಾಲದಲ್ಲೇ ಹೋಗಿರಬೇಕು. ಮೇ ತಿಂಗಳಲ್ಲಿ ಹಾಕಿದರೆ ಆ ವರ್ಷದ ಮಳೆ ಹೋಯಿತೆಂದೇ ಲೆಕ್ಕ.

ಇನ್ನೊಂದು ಕಾನೂನು 2002ರ ಜೀವವೈವಿಧ್ಯ ಕಾಯ್ದೆ. ತಂಡದಲ್ಲಿ ಎಲ್ಲರೂ ಭಾರತೀಯರು, ಮಾದರಿ ದೇಶದೊಳಗೇ ಉಳಿಯುತ್ತದೆ ಎಂದರೆ ಸಂಶೋಧನೆಗೆ ಇದರಡಿ ಪೂರ್ವಾನುಮತಿ ಬೇಡ. ವಿದೇಶಿ ಸಹಲೇಖಕರು ಸೇರಿದರೆ, ಅಥವಾ ಕಾಲಿನ ತುಂಡೊಂದನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಬೇಕೆಂದರೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲು ಮೊದಲು ತಟ್ಟಬೇಕು.

ಹಿಡಿಯುವ ಕೆಲಸ ರಾತ್ರಿಯದ್ದು. ಮಳೆ ನಿಂತ ಅರ್ಧ ಗಂಟೆಯ ಮೇಲೆ ಟಾರ್ಚ್ ಹಿಡಿದರೆ ಚಿರೆಕಲ್ಲಿನ ಪೊಟರೆ, ಮರದ ಬೇರಿನ ಸಂದಿನಿಂದ ಹೊರಬಂದಿರುತ್ತವೆ. ಬೇಕಾಗಿರುವುದು ಮುಖ್ಯವಾಗಿ ಬಲಿತ ಗಂಡು. ಮೂರ್ನಾಲ್ಕು ಗಂಡು, ಒಂದೆರಡು ಹೆಣ್ಣು ಸಾಕು. ಹೊಟ್ಟೆಯಡಿ ಮರಿ ಹೊತ್ತ ಹೆಣ್ಣನ್ನು ಬಿಟ್ಟುಬಿಡಿ. ಈಗಷ್ಟೇ ಪೊರೆ ಕಳಚಿದ ಮೆತ್ತನೆಯದನ್ನೂ ಬಿಡಿ, ಅದರ ಚಿಪ್ಪು ಆಲ್ಕೋಹಾಲಿನಲ್ಲಿ ಸುಕ್ಕುಗಟ್ಟಿ ಅಳತೆಯೇ ನಿಲ್ಲುವುದಿಲ್ಲ. ಜೀವ ಇರುವಾಗಲೇ ಬೂದು ಬಣ್ಣದ ಕಾರ್ಡಿನ ಮೇಲಿಟ್ಟು ಮೇಲಿನಿಂದ, ಎದುರಿನಿಂದ, ಅಡಿಯಿಂದ ಫೋಟೋ ತೆಗೆಯಬೇಕು. ಕೆಂಪು, ಕಿತ್ತಳೆ ಬಣ್ಣ ಆಲ್ಕೋಹಾಲಿನಲ್ಲಿ ಕರಗುತ್ತದೆ. ಸ್ವಲ್ಪ ದಿನದಲ್ಲಿ ಎಲ್ಲ ಏಡಿಯೂ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ.

ಜೀವಂತ ಏಡಿಯನ್ನು ನೇರ ಆಲ್ಕೋಹಾಲಿಗೆ ಹಾಕಬಾರದು. ಹಿಂಸೆ ಎಂಬುದು ಒಂದು ಕಾರಣ. ಇನ್ನೊಂದು, ಅದು ಗಾಬರಿಯಲ್ಲಿ ತನ್ನ ಕಾಲುಗಳನ್ನು ತಾನೇ ಕಳಚುತ್ತದೆ, ಡಬ್ಬಿಯಲ್ಲಿ ಒಂದು ಚಿಪ್ಪು, ಹತ್ತು ಬಿಡಿ ಕಾಲು ಉಳಿಯುತ್ತವೆ. ಮೊದಲು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಜಡವಾಗಿಸಿ, ನಂತರ ಫ್ರೀಜರಿನಲ್ಲಿ ಪೂರ್ತಿ ನಿಶ್ಚಲವಾಗುವವರೆಗೆ ಇಡಬೇಕು. ಆಮೇಲೆ ಒಂದು ನಡೆಗಾಲನ್ನು ಬುಡದಲ್ಲಿ ಕತ್ತರಿಸಿ ಡಿಎನ್‌ಎಗೆಂದು ಶೇ 95ಕ್ಕಿಂತ ಗಟ್ಟಿ ಎಥನಾಲಿನ ಸಣ್ಣ ಸೀಸೆಗೆ, ಉಳಿದ ದೇಹ ಶೇ 70-75ರ ಎಥನಾಲಿಗೆ. ದ್ರವ ಏಡಿಯ ಗಾತ್ರದ ಮೂರು ಪಟ್ಟಾದರೂ ಇರಲಿ. ಮರುದಿನ ಅದನ್ನು ಚೆಲ್ಲಿ ಹೊಸದು ತುಂಬಿ. ಏಡಿಯ ಮೈನೀರು ಬೆರೆತು ಮೊದಲಿನದು ತೆಳ್ಳಗಾಗಿರುತ್ತದೆ. ಇದನ್ನು ಬಿಟ್ಟವರ ಡಬ್ಬಿ ತಿಂಗಳೊಳಗೆ ನಾರುತ್ತದೆ. ಫಾರ್ಮಲಿನ್ ಬೇಡವೇ ಬೇಡ: ಕಾಲಕ್ರಮದಲ್ಲಿ ಆಮ್ಲವಾಗಿ ಚಿಪ್ಪಿನ ಸುಣ್ಣ ತಿನ್ನುತ್ತದೆ, ಡಿಎನ್‌ಎಯನ್ನೂ ಹಾಳು ಮಾಡುತ್ತದೆ.

ಎಥನಾಲ್ ಅಬಕಾರಿ ನಿಯಂತ್ರಣದ ವಸ್ತು. ಅಂಗಡಿಗೆ ಹೋಗಿ ಲೀಟರ್ ಕೊಡಿ ಎಂದರೆ ಸಿಗದು, ಪರವಾನಗಿಯಿರುವ ಕಾಲೇಜು ಅಥವಾ ಪ್ರಯೋಗಾಲಯದ ಮೂಲಕವೇ ತರಿಸಬೇಕು. ಬಣ್ಣದ ಅಂಗಡಿಯ ಸ್ಪಿರಿಟ್ಟಿನಲ್ಲಿ ಬೇರೆ ರಾಸಾಯನಿಕ ಬೆರೆಸಿರುತ್ತಾರೆ, ಡಿಎನ್‌ಎ ಕೆಲಸಕ್ಕೆ ನಂಬುವಂತಿಲ್ಲ.

ಚೀಟಿ ಡಬ್ಬಿಯ ಒಳಗಿರಬೇಕು. ಹೊರಗೆ ಅಂಟಿಸಿದ್ದು ಶಿರಸಿಯ ಜುಲೈ ತಿಂಗಳಿಗೆ ನಿಲ್ಲುವುದಿಲ್ಲ, ಬೂಸಲು ಹಿಡಿದು ಬೀಳುತ್ತದೆ. ಬಾಲ್‌ಪೆನ್ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ದಪ್ಪ ಕಾಗದ, ಪೆನ್ಸಿಲ್ ಸಾಕು. ಅದರಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಊರು, ಅಕ್ಷಾಂಶ-ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಾರೀಕು, ಹಿಡಿದವರ ಹೆಸರು, ಎಲ್ಲಿ ಕುಳಿತಿತ್ತು ಎಂಬ ಒಂದು ಸಾಲು. ಒಂದೇ ಹೆಸರಿನ ಊರು ಪಕ್ಕದ ತಾಲೂಕಿನಲ್ಲೂ ಇರುವುದು ನಮ್ಮಲ್ಲಿ ಸಾಮಾನ್ಯ, ತಾಲೂಕು ಬಿಡಬೇಡಿ. ಕಾಲಿನ ಸೀಸೆಗೂ ದೇಹದ ಡಬ್ಬಿಗೂ ಒಂದೇ ಕ್ಷೇತ್ರಸಂಖ್ಯೆ ಕೊಡಿ, ಇವೆರಡು ಬೇರೆಯಾದರೆ ಮತ್ತೆ ಜೋಡಿಸುವುದಕ್ಕಾಗುವುದಿಲ್ಲ.

ಇನ್ನು ಸೂಕ್ಷ್ಮದರ್ಶಕದ ಕೆಲಸ. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೇಳುವುದು ಇದೇ, ನಿಜವಾಗಿ ಏಡಿಯ ಪರಿಚಯವಾಗುವುದೂ ಇಲ್ಲೇ. ಮೊದಲು ಕುಟುಂಬ. ಗಂಡು ಏಡಿಯನ್ನು ಬೆನ್ನ ಮೇಲೆ ಮಲಗಿಸಿದರೆ ಎದೆಗೆ ಮಡಚಿಕೊಂಡ ಕಿರಿದಾದ ಹೊಟ್ಟೆ ಕಾಣುತ್ತದೆ. ಅದು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿದ್ದರೆ ಜೆಕಾರ್ಸಿನ್ಯೂಸಿಡೇ, ತ್ರಿಕೋನವಾಗಿದ್ದರೆ ಪೊಟಾಮಿಡೇ. ನಮ್ಮ ಘಟ್ಟದಲ್ಲಿ ಸಿಗುವವು ಮೊದಲಿನ ಗುಂಪಿನವು. ಕುಲ ಹಿಡಿಯಲು ಚಿಪ್ಪಿನ ಮೇಲಿನ ಏಣು, ಕಣ್ಣಿನ ಹಿಂದಿನ ಹಲ್ಲು, ಬಾಯಿ ಮುಚ್ಚುವ ಮೂರನೇ ದವಡೆಗಾಲಿನ ಹೊರಗವಲಿನ ತುದಿಯಲ್ಲಿ ಎಳೆಯಂಥ ಚಾವಟಿ ಇದೆಯೇ, ಇದ್ದರೆ ಉದ್ದವೇ ಗಿಡ್ಡವೇ ಎಂಬುದನ್ನು ನೋಡುತ್ತಾರೆ. ಚಾವಟಿ ಕೂದಲಿನ ನಡುವೆ ಅಡಗಿರುತ್ತದೆ, ಸಣ್ಣ ಕುಂಚದಿಂದ ಕೆಸರು ತೊಳೆಯದೆ ಇಲ್ಲ ಎಂದು ಬರೆಯಬಾರದು.

ಪ್ರಭೇದ ತೀರ್ಮಾನವಾಗುವುದು ಗಂಡಿನ ಮೊದಲ ಜನನಾಂಗಗಾಲಿನಿಂದ. ಪ್ರಬಂಧಗಳಲ್ಲಿ ಇದನ್ನು ಜಿ1 ಎಂದು ಬರೆಯುತ್ತಾರೆ. ಹೊಟ್ಟೆಯ ಮಡಿಕೆಯನ್ನು ಚಿಮುಟದಿಂದ ಎತ್ತಿದರೆ ಒಳಗೆ ಎರಡು ಜೊತೆ ಕಡ್ಡಿಗಳಿರುತ್ತವೆ: ದಪ್ಪಗೆ ಕಾಣುವುದು ಜಿ1, ಅದರೊಳಗೆ ಸೇರಿಕೊಂಡ ತೆಳ್ಳನೆಯದು ಜಿ2. ಎಡಗಡೆಯದನ್ನು ಬುಡದಲ್ಲಿ ಬಿಡಿಸಿ ತೆಗೆಯುವುದು ರೂಢಿ. ಕೂದಲು ಸವರಿ, ಸಣ್ಣ ತಟ್ಟೆಯ ದ್ರವದಲ್ಲಿ ಮಲಗಿಸಿ, ತುದಿಯ ಭಾಗ ಎಷ್ಟುದ್ದ, ಅದರ ಕೆಳಗಿನ ಭಾಗಕ್ಕೆ ಹೋಲಿಸಿದರೆ ಎಷ್ಟರ ಪಾಲು, ಹೊರಕ್ಕೆ ಬಾಗಿದೆಯೋ ಒಳಕ್ಕೋ, ತುದಿ ಮೊಂಡೋ ಚೂಪೋ ನೋಡಬೇಕು. ಕಡ್ಡಿ ತುಸು ತಿರುಚಿಕೊಂಡಿರುವುದರಿಂದ ತಟ್ಟೆಯಲ್ಲಿ ಅದು ಮಲಗಿದ ಕೋನ ಬದಲಾದರೆ ನೇರ ತುದಿಯೂ ಬಾಗಿದಂತೆ ಕಾಣುತ್ತದೆ. ಇಬ್ಬರು ಬರೆದ ಚಿತ್ರಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಅರ್ಧ ಕಾರಣ ಇದೇ. ಎದೆಗೆ ತಾಗಿರುವ ಮಗ್ಗುಲು ಒಂದು, ಹೊಟ್ಟೆಯ ಕಡೆಯ ಮಗ್ಗುಲು ಒಂದು, ಎರಡೂ ನೋಟವನ್ನು ಕ್ಯಾಮೆರಾ ಲುಸಿಡಾ (ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಾಗದದ ಮೇಲೆ ತೋರಿಸುವ ಸಾಧನ) ಹಾಕಿ ಬರೆಯಿರಿ, ಜೊತೆಗೆ ಅಳತೆಗೆರೆ. ಎಳೆಯ ಗಂಡಿನ ಜಿ1 ಆಕಾರ ಪಡೆದಿರುವುದಿಲ್ಲ, ಅದರ ಮೇಲೆ ಹೊಸ ಪ್ರಭೇದ ಕಟ್ಟಿದರೆ ನಿಲ್ಲದು. ಹೆಣ್ಣು ಮಾತ್ರ ಸಿಕ್ಕಿದ್ದರೆ ಇನ್ನೊಂದು ಮಳೆಗಾಲ ಕಾಯುವುದೇ ವಾಸಿ.

ಬಿಡಿಸಿದ ಜಿ1 ಕೆಲವೇ ಮಿಲಿಮೀಟರಿನ ವಸ್ತು. ಕಿರುಸೀಸೆಯಲ್ಲಿ ಹಾಕಿ, ಬಾಯಿಗೆ ಹತ್ತಿ ತುರುಕಿ, ಅದೇ ಸಂಖ್ಯೆಯ ಚೀಟಿಯೊಂದಿಗೆ ಏಡಿಯ ಡಬ್ಬಿಯೊಳಗೇ ಇಡಬೇಕು. ಹಳೆಯ ಸಂಗ್ರಹಗಳಲ್ಲಿ ಏಡಿ ಭದ್ರವಾಗಿದ್ದು ಜಿ1 ಕಳೆದುಹೋಗಿರುವುದಕ್ಕೆ ಅದನ್ನು ಬೇರೆ ಕಡೆ ಇಟ್ಟದ್ದೇ ಕಾರಣ.

ಅಳತೆಗೆ ಡಿಜಿಟಲ್ ಕ್ಯಾಲಿಪರ್, 0.1 ಮಿ.ಮೀ.ವರೆಗೆ: ಚಿಪ್ಪಿನ ಅಗಲ, ಉದ್ದ, ಎತ್ತರ, ಹಣೆಯ ಅಗಲ. ಅಗಲವನ್ನು ಉದ್ದದಿಂದ ಭಾಗಿಸಿದ ಅನುಪಾತ ಎಲ್ಲರೂ ಕೊಡುತ್ತಾರೆ. ಆದರೆ ಏಡಿ ಬೆಳೆದಂತೆ ಅಗಲ ಹೆಚ್ಚುತ್ತಾ ಹೋಗುತ್ತದೆ, ಆದ್ದರಿಂದ ಸಣ್ಣದನ್ನು ದೊಡ್ಡದರೊಂದಿಗೆ ಹೋಲಿಸಿ ಅನುಪಾತ ಬೇರೆ ಎಂದರೆ ಅರ್ಥವಿಲ್ಲ. ಒಳ್ಳೆಯ ಸ್ಟೀರಿಯೋ ಸೂಕ್ಷ್ಮದರ್ಶಕ ಊರಿನ ಕಾಲೇಜುಗಳಲ್ಲಿ ಕಡಿಮೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಇಂಥ ವಿಭಾಗಗಳಿಗೆ ಮೊದಲೇ ಪತ್ರ ಬರೆದು ಸಮಯ ಕೇಳಿಕೊಳ್ಳಿ.

ಡಿಎನ್‌ಎ ಬಗ್ಗೆ ಜನರಿಗಿರುವ ನಂಬಿಕೆ ತುಸು ಅತಿ. ನಿಯಮದ ಪ್ರಕಾರ ಅದು ಕಡ್ಡಾಯವೂ ಅಲ್ಲ, ಆದರೆ ವಿಮರ್ಶಕರು ಈಗ ಕೇಳುತ್ತಾರೆ. ಏಡಿಗಳಿಗೆ ಸಾಮಾನ್ಯವಾಗಿ ಓದಿಸುವುದು ಮೈಟೋಕಾಂಡ್ರಿಯಾದ ಸಿಒಐ ಜೀನಿನ ಸುಮಾರು 658 ಅಕ್ಷರ, ಜೊತೆಗೆ 16ಎಸ್ ಎಂಬ ಇನ್ನೊಂದು ಜೀನು. ಮಾದರಿಯೊಂದಕ್ಕೆ ಸಾವಿರ ರೂಪಾಯಿಯ ಮೇಲೆಯೇ ಹಿಡಿಯುತ್ತದೆ, ಒಮ್ಮೆ ಬರದಿದ್ದರೆ ಮತ್ತೊಮ್ಮೆ. ನಮ್ಮ ಖರ್ಚಿನಲ್ಲಿ ಓಡಾಟದ ನಂತರದ ದೊಡ್ಡ ಬಾಬತ್ತು ಇದು. ಬಂದ ಸರಣಿಯನ್ನು ಮೊದಲು ಪ್ರೋಟೀನಿಗೆ ಭಾಷಾಂತರಿಸಿ ನೋಡಿ: ನಡುವೆ ನಿಲುಗಡೆಯ ಸಂಕೇತ ಬಂದರೆ ಓದಿದ್ದು ಅಸಲಿ ಜೀನಲ್ಲ, ಕೋಶಕೇಂದ್ರಕ್ಕೆ ಸೇರಿಹೋದ ಅದರ ಸತ್ತ ನಕಲು. ಏಡಿ-ಸೀಗಡಿಗಳಲ್ಲಿ ಇದು ಆಗುತ್ತಿರುತ್ತದೆ. ಇಂಥ ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ಹೋಲಿಸಿದಾಗ ಹತ್ತಿರದ ಹೆಸರು ತೋರಿಸುತ್ತದೆ ನಿಜ, ಆ ಹೆಸರನ್ನು ಅಲ್ಲಿ ಹಾಕಿದವರೇ ತಪ್ಪಾಗಿ ಗುರುತಿಸಿರಬಹುದು. ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಹೊಸ ಪ್ರಭೇದ ಎಂಬ ಗೆರೆ ಎಲ್ಲೂ ಇಲ್ಲ. ಜಿ1, ದವಡೆಗಾಲು, ಡಿಎನ್‌ಎ ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಧೈರ್ಯ ಬರುತ್ತದೆ.

ಹತ್ತಿರದ ಪ್ರಭೇದಗಳ ಮೂಲಮಾದರಿಗಳನ್ನು, ಅಂದರೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಮಾದರಿಗಳನ್ನು, ನೋಡುವುದು ಇನ್ನೊಂದು ಕಾಯುವಿಕೆ. ಆಲ್ಕಾಕ್ ಹೆಸರಿಸಿದವು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿವೆ, ಇನ್ನು ಕೆಲವು ಲಂಡನ್, ಪ್ಯಾರಿಸ್‌ಗಳಲ್ಲಿ. ಸ್ವತಃ ಹೋಗಲಾಗದಿದ್ದರೆ ಫೋಟೋ ಕೇಳಬಹುದು. ಏಡಿಯ ಫೋಟೋ ಬೇಕು ಎಂದು ಬರೆದರೆ ಬೆನ್ನಿನದೊಂದು ಬರುತ್ತದೆ, ಅದರಿಂದ ಏನೂ ಆಗದು. ಬೆನ್ನು, ಹಣೆ, ಗಂಡಿನ ಹೊಟ್ಟೆ, ಮೂರನೇ ದವಡೆಗಾಲು, ಎಡ ಜಿ1ರ ಎರಡು ಮಗ್ಗುಲು, ಎಲ್ಲದರಲ್ಲೂ ಅಳತೆಪಟ್ಟಿ, ಜೊತೆಗೆ ಚೀಟಿಯ ಫೋಟೋ ಎಂದು ನೋಂದಣಿ ಸಂಖ್ಯೆ ಸಮೇತ ಬಿಡಿಸಿ ಬರೆಯಿರಿ.

ನಮ್ಮ ಕಡೆಯಿಂದಲೂ ಒಂದು ಗಂಡನ್ನು ಹೋಲೋಟೈಪ್ ಎಂದು ಆರಿಸಬೇಕು. ಮುಂದೆ ಈ ಹೆಸರು ಯಾವ ಪ್ರಾಣಿಯದು ಎಂಬ ತಕರಾರು ಬಂದರೆ ಸಾಕ್ಷಿ ಆ ಒಂದೇ ಏಡಿ. ಕತ್ತರಿಸಿಕೊಂಡ ಒಂದು ನಡೆಗಾಲು ಬಿಟ್ಟರೆ ಉಳಿದ ಕಾಲು, ಕೊಂಡಿ ಎಲ್ಲ ಇರುವ, ಬಲಿತ, ಡಿಎನ್‌ಎ ಓದಿಸಿದ್ದನ್ನೇ ಆರಿಸಿ, ಉಳಿದವು ಪ್ಯಾರಾಟೈಪ್. ಅಂತರರಾಷ್ಟ್ರೀಯ ಪ್ರಾಣಿನಾಮ ಸಂಹಿತೆಯ ನಾಲ್ಕನೇ ಆವೃತ್ತಿ 2000ದಿಂದ ಜಾರಿಯಲ್ಲಿದೆ. ಅದರಂತೆ ಮೂಲಮಾದರಿ ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ಪ್ರಬಂಧದಲ್ಲೇ ಸ್ಪಷ್ಟವಾಗಿ ಬರೆಯದಿದ್ದರೆ ಹೆಸರಿಗೆ ಮಾನ್ಯತೆಯಿಲ್ಲ. ನಮ್ಮ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಜೀವಿಯ ಮಾದರಿಯನ್ನು ಸರಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಪ್ರಾಣಿಗಳಿಗೆ ಪ್ರಾಣಿ ಸರ್ವೇಕ್ಷಣಾಲಯ. ಪುಣೆಯ ಆಕುರ್ಡಿಯಲ್ಲಿರುವ ಅದರ ಪಶ್ಚಿಮ ಪ್ರಾದೇಶಿಕ ಕೇಂದ್ರ ನಮಗೆ ಹತ್ತಿರ. ಕಾಲೇಜಿನ ಕಪಾಟಿನಲ್ಲಿ ಹೋಲೋಟೈಪ್ ಇಡುವ ಆಸೆ ಬೇಡ.

ಮಾದರಿ ಒಯ್ಯುವುದೂ ಒಂದು ಕೆಲಸವೇ. ಆಲ್ಕೋಹಾಲ್ ತುಂಬಿದ ಡಬ್ಬಿಯನ್ನು ಕೊರಿಯರಿನವರು ಮುಟ್ಟುವುದಿಲ್ಲ, ರೈಲಿನಲ್ಲೂ ಒಯ್ಯುವಂತಿಲ್ಲ. ದ್ರವ ಬಸಿದು, ಏಡಿಯನ್ನು ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಒಂದರೊಳಗೊಂದು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿದರೆ ಕೆಲವು ದಿನ ತಡೆಯುತ್ತದೆ. ನಡೆಗಾಲುಗಳ ನಡುವೆ ಹತ್ತಿ ಇಡದಿದ್ದರೆ ತಲುಪುವಷ್ಟರಲ್ಲಿ ಒಂದೆರಡು ಮುರಿದಿರುತ್ತವೆ. ಒಪ್ಪಿಸುವಾಗ ಪತ್ರ, ಮಾದರಿಗಳ ಪಟ್ಟಿ, ಪರವಾನಗಿಯ ಪ್ರತಿ ಇರಲಿ. ನೋಂದಣಿ ಸಂಖ್ಯೆ ಕೈಗೆ ಬರುವವರೆಗೆ ಪ್ರಬಂಧ ಕಳಿಸಲು ಬಾರದು. ಹಸ್ತಪ್ರತಿಯೆಲ್ಲ ಸಿದ್ಧವಾಗಿ ಆ ಒಂದು ಸಂಖ್ಯೆಗಾಗಿ ಕೂರುವ ದಿನಗಳು ಬಹಳ ಬೇಜಾರಿನವು, ಆದ್ದರಿಂದ ಮಾದರಿಯನ್ನು ಬರವಣಿಗೆ ಶುರುಮಾಡುವಾಗಲೇ ಒಪ್ಪಿಸಿಬಿಡಿ.

ಹೆಸರಿಗೆ ಬರೋಣ. ಎಲ್ಲರಿಗೂ ಕುತೂಹಲ ಇದರ ಮೇಲೆಯೇ, ಕೆಲಸ ಮಾತ್ರ ಒಂದು ಸಂಜೆಯದ್ದು. ಕುಲದ ಹೆಸರು ಈಗಾಗಲೇ ಇರುತ್ತದೆ, ನಾವು ಸೇರಿಸುವುದು ಎರಡನೇ ಪದ. ರೋಮನ್ ಲಿಪಿಯ 26 ಅಕ್ಷರ ಮಾತ್ರ, ಮೇಲೆ ಕೆಳಗೆ ಚುಕ್ಕೆ ಗೆರೆ ಇಲ್ಲ. ನಮ್ಮ ಳ, ಣ ಎಲ್ಲ ಸಾದಾ ಅಕ್ಷರವಾಗುತ್ತವೆ. ಊರಿನ ಹೆಸರಿಗೆ ಎನ್ಸಿಸ್ ಸೇರಿಸುವುದು ರೂಢಿ, ಕುಲದ ಹೆಸರು ನಪುಂಸಕಲಿಂಗದ್ದಾದರೆ ಎನ್ಸೆ. ಗಂಡಸಿನ ಹೆಸರಿಟ್ಟರೆ ಕೊನೆಗೆ i, ಹೆಂಗಸಿನದಾದರೆ ae. ಕನ್ನಡದ ನಾಮಪದವನ್ನು ಇದ್ದ ಹಾಗೆ ಬಳಸುವುದಾದರೆ ಅದು ಕುಲದ ಲಿಂಗಕ್ಕೆ ತಕ್ಕಂತೆ ಬದಲಾಗದ ನಾಮಪದ ಎಂದು ಹೆಸರಿನ ವಿವರಣೆಯಲ್ಲಿ ಬರೆದುಬಿಡಿ. ಬರೆಯದಿದ್ದರೆ ಮುಂದೆ ಯಾರೋ ಅದನ್ನು ವಿಶೇಷಣ ಎಂದುಕೊಂಡು ಬಾಲ ತಿದ್ದುತ್ತಾರೆ. ಅದೇ ಕುಲದಲ್ಲಿ ಆ ಪದ ಹಿಂದೆ ಬಳಕೆಯಾಗಿಲ್ಲವೆಂದು ನೋಡಿಕೊಳ್ಳಿ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದಕ್ಕೆ ನಿಷೇಧವಿಲ್ಲ, ಆದರೆ ಮರ್ಯಾದೆ ಉಳಿಯುವುದಿಲ್ಲ. ಶಾಸಕರ ಹೆಸರಿಡಿ, ದಾನಿಗಳ ಹೆಸರಿಡಿ ಎಂಬ ಸಲಹೆ ಬರುತ್ತದೆ. ಹೆಸರು ಆಯ್ದ ಮೇಲೆ ಪ್ರಬಂಧ ಹೊರಬರುವವರೆಗೆ ಬಾಯಿ ಬಿಡಬಾರದು: ವಿವರಣೆಯಿಲ್ಲದೆ ಪತ್ರಿಕೆಯಲ್ಲಿ ಬಂದ ಹೆಸರು ಮಾನ್ಯವಾಗುವುದಿಲ್ಲ, ಗೊಂದಲವನ್ನಂತೂ ಹುಟ್ಟಿಸುತ್ತದೆ.

ಪ್ರಬಂಧದ ಅಂಗಗಳಲ್ಲಿ ಹೊಸಬರು ಎಡವುವುದು ಗುರುತುಲಕ್ಷಣ ಮತ್ತು ವಿವರಣೆ ಎಂಬ ಎರಡು ಭಾಗಗಳಲ್ಲಿ. ಗುರುತುಲಕ್ಷಣದಲ್ಲಿ ಹತ್ತಿರದವುಗಳಿಂದ ಬೇರ್ಪಡಿಸುವ ನಾಲ್ಕಾರು ಅಂಶ ಮಾತ್ರ, ಪ್ರತಿಯೊಂದಕ್ಕೂ ಎದುರಿನ ಪ್ರಭೇದದಲ್ಲಿ ಅದು ಹೇಗಿದೆ ಎಂಬ ಮಾತು. ವಿವರಣೆಯಲ್ಲಿ ಅಡಿಯಿಂದ ಮುಡಿಯವರೆಗೆ ಎಲ್ಲ. ಹೊಸದೆಂದು ಸಾರುವ ಪದವೂ ಹೆಸರಿನ ಪಕ್ಕದಲ್ಲಿ ಇರಲೇಬೇಕು. ಝೂಟಾಕ್ಸಾದಂಥ ನಿಯತಕಾಲಿಕೆ ಲೇಖಕರಿಂದ ಹಣ ಕೇಳುವುದಿಲ್ಲ, ಎಲ್ಲರಿಗೂ ಪುಕ್ಕಟೆ ಓದಲು ಬಿಡಬೇಕೆಂದರೆ ಮಾತ್ರ ಶುಲ್ಕ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಎಂದು ಇಮೇಲ್ ಕಳಿಸುವವರ ಹತ್ತಿರ ಸುಳಿಯಬೇಡಿ. ವಿಮರ್ಶಕರ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ ಥರದವು: ಹಳೆಯ ಮೂಲಮಾದರಿ ನೋಡಿದ್ದೀರಾ, ಇನ್ನೊಂದು ಗಂಡಿನಲ್ಲೂ ಜಿ1 ಹೀಗೇ ಇದೆಯೇ, ಇದು ಬರೀ ವಯಸ್ಸಿನ ವ್ಯತ್ಯಾಸವಲ್ಲವೇ. ಈ ಮೂರಕ್ಕೆ ಮೊದಲೇ ಉತ್ತರ ಬರೆದಿಟ್ಟರೆ ಒಂದು ಸುತ್ತು ಉಳಿಯುತ್ತದೆ.

ಪ್ರಾಣಿನಾಮ ಸಂಹಿತೆಯ 2012ರ ತಿದ್ದುಪಡಿಯ ನಂತರ ಆನ್‌ಲೈನ್ ಪ್ರಕಟಣೆಯೂ ಮಾನ್ಯ, ಆದರೆ ಪ್ರಬಂಧ ಹೊರಬರುವ ಮುಂಚೆ ಪ್ರಾಣಿಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕಿನಲ್ಲಿ ನೋಂದಣಿಯಾಗಿರಬೇಕು, ಅದರ ಸಾಕ್ಷ್ಯವೂ ಪ್ರಕಟಣೆಯ ದಿನಾಂಕವೂ ಪ್ರಬಂಧದೊಳಗೇ ಅಚ್ಚಾಗಿರಬೇಕು. ನೋಂದಣಿ ಪುಕ್ಕಟೆ. ಕೆಲವು ಪತ್ರಿಕೆಗಳು ತಾವೇ ಮಾಡಿಸುತ್ತವೆ, ಕೆಲವು ಲೇಖಕರಿಗೆ ಬಿಡುತ್ತವೆ. ಸಂಪಾದಕರನ್ನು ಕೇಳಿ ಖಚಿತಮಾಡಿಕೊಳ್ಳಿ. ಕರಡು ತಿದ್ದುವಾಗ ಆ ಸಂಖ್ಯೆಯನ್ನು ಅಕ್ಷರ ಅಕ್ಷರ ಹೋಲಿಸಿ.

ಸಸ್ಯದವರಿಗೆ ನಿಯಮ ಬೇರೆ. ಅವರ ಲೆಕ್ಕ 1753ರಿಂದ, ಸಂಹಿತೆ ಬೇರೆ, ಝೂಬ್ಯಾಂಕ್ ಇಲ್ಲ. 2012ರಿಂದ ಲ್ಯಾಟಿನ್ ಬದಲು ಇಂಗ್ಲಿಷಿನಲ್ಲೂ ಲಕ್ಷಣ ಬರೆಯಬಹುದು. ಸಿದ್ದಾಪುರದ ಕತ್ತಲೆಕಾನಿನ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ 2000ದಲ್ಲಿ ಹೆಸರು ಪಡೆದದ್ದು ಆ ಸಂಹಿತೆಯಡಿ. ಶಿಲೀಂಧ್ರಗಳಿಗೆ 2013ರಿಂದ ನೋಂದಣಿ ಕಡ್ಡಾಯ.

ಪ್ರಕಟವಾದ ಮೇಲೆ ಕೆಲವು ಕೆಲಸ ಬಾಕಿ ಇರುತ್ತವೆ. ಝೂಬ್ಯಾಂಕಿನಲ್ಲಿ ಸಂಪುಟ, ಪುಟಸಂಖ್ಯೆ ತುಂಬಬೇಕು, ಜೆನ್‌ಬ್ಯಾಂಕಿನಲ್ಲಿ ತಡೆಹಿಡಿದ ಸರಣಿಯನ್ನು ಬಿಡುಗಡೆ ಮಾಡಿ ಅಲ್ಲಿಯ ತಾತ್ಕಾಲಿಕ ಹೆಸರನ್ನು ಬದಲಿಸಬೇಕು. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಪ್ರತಿ ಕೊಟ್ಟು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಬರೆದುಕೊಡಿ. ಹೊಸ ಹೆಸರು ಬಂದ ಮಾತ್ರಕ್ಕೆ ಏಡಿಗೆ ಕಾನೂನಿನ ರಕ್ಷಣೆ ಬರುವುದಿಲ್ಲ, ಪಟ್ಟಿಗೆ ಸೇರುವುದು ಬೇರೆಯೇ ಪ್ರಕ್ರಿಯೆ. ವರದಿಗಾರರಿಗೆ ಇದನ್ನು ಬಿಡಿಸಿ ಹೇಳಬೇಕು. ಇನ್ನು ಅರಣ್ಯ ಇಲಾಖೆಗೆ ಪ್ರಬಂಧದ ಪ್ರತಿ ಮತ್ತು ಎಷ್ಟು ಮಾದರಿ ಹಿಡಿದೆವು, ಎಲ್ಲಿಟ್ಟೆವು ಎಂಬ ವರದಿ ಪರವಾನಗಿಯ ಅವಧಿ ಮುಗಿಯುವುದರೊಳಗೆ ತಲುಪಲಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ನಕಲು ಕೈಯಲ್ಲಿರಲಿ, ಪಕ್ಕದ ಕಣಿವೆಗೆ ಹೊಸ ಅರ್ಜಿ ಹಾಕುವಾಗ ಮೊದಲು ಕೇಳುವುದು ಅದನ್ನೇ.